ಹಸಿರು ಚುಕ್ಕೆಯ ತಟ್ಟೆಗಳು

ಗಂಡ ತೀರಿಕೊಂಡ ಮೇಲೆ ಕಿವಿಯಕ್ಕ ಮತ್ತೆ ಕೆಲಸಕ್ಕೆ ಬಂದ ಬೆಳಿಗ್ಗೆ ಕಾರ್ಖಾನೆಯ ಬಾಗಿಲು ಕಾಯುವವನು ಎದ್ದು ನಿಂತ. ಯಜಮಾನರು ಬಂದರೂ ಅರ್ಧ ಎದ್ದು ಮತ್ತೆ ಕೂರುವ ಆಸಾಮಿ ಅವನು. ಏನಾದರೂ ಸಮಾಧಾನದ ಮಾತಾಡಬೇಕೆಂದು ಬಾಯಿ ತೆರೆದ, ಏನೂ ತೋಚದೆ, "ಊಟ ಆಯ್ತಾ ಅಕ್ಕಾ?" ಎಂದ. ಬಿಸಿಲು ಇನ್ನೂ ಗೋಡೆಯಿಂದ ಕೆಳಗಿಳಿದಿರಲಿಲ್ಲ.

"ಆಯ್ತಪ್ಪ" ಎಂದು ಅವಳು ಒಳಗೆ ನಡೆದಳು.

ಅವಳಿಗೆ ದುಃಖ ಆಗುತ್ತಿರಲಿಲ್ಲ. ಸಮಾಧಾನವೂ ಇರಲಿಲ್ಲ. ಬಹಳ ಹೊತ್ತು ಕಾಲು ಮಡಿಚಿ ಕೂತು ಎದ್ದಾಗ ಪಾದ ನಮ್ಮದಲ್ಲವೇನೋ ಅನ್ನಿಸುತ್ತದಲ್ಲ, ಹಾಗೆ ಅವಳಿಗೆ ಒಳಗೆಲ್ಲ ಜೋಮು ಹಿಡಿದಿತ್ತು. ಹೆಜ್ಜೆ ಇಟ್ಟರೆ ಬೀಳುತ್ತಿರಲಿಲ್ಲ, ನೆಲ ಮುಟ್ಟಿದ್ದು ಮಾತ್ರ ತಿಳಿಯುತ್ತಿರಲಿಲ್ಲ.

ಆ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದದ್ದು ಪಿನ್ನು. ಬಟ್ಟೆಗೆ ಚುಚ್ಚುವ ಪಿನ್ನಲ್ಲ, ಕಿರುಬೆರಳಿನಷ್ಟು ದಪ್ಪದ, ಅದಕ್ಕಿಂತ ತುಸು ಗಿಡ್ಡದ ಉಕ್ಕಿನ ತುಂಡು. ಚಾಲಕ ಬ್ರೇಕು ತುಳಿದರೆ ಅವನ ಕಾಲಿನ ಒತ್ತಡವನ್ನು ಚಕ್ರದವರೆಗೆ ಮುಟ್ಟಿಸಲು ಬಸ್ಸಿನ ಹೊಟ್ಟೆಯಡಿ ಸರಳುಗಳಿರುತ್ತವೆ. ಒಂದು ಸರಳನ್ನು ಇನ್ನೊಂದಕ್ಕೆ ಕೂಡಿಸಿ ಹಿಡಿದಿರುವುದು ಈ ಪಿನ್ನು. ಅಂಗೈಯಲ್ಲಿ ಇಟ್ಟುಕೊಂಡು ಬೇರೆ ಮಾತಿಗೆ ಹೊರಳಿದರೆ ಇದ್ದದ್ದೇ ಮರೆತುಹೋಗುತ್ತದೆ, ಅಷ್ಟು ಸಣ್ಣದು. ಇಳಿಜಾರಿನಲ್ಲಿ ಅದು ಮುರಿಯಿತೋ, ಚಾಲಕ ಎಷ್ಟು ತುಳಿದರೂ ಗಾಳಿಯನ್ನೇ ತುಳಿದಂತೆ.

ಪಿನ್ನನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಎಣ್ಣೆಗೆ ಬಿಡುತ್ತಾರೆ. ಅದರಿಂದ ಗಟ್ಟಿತನ ಬರುತ್ತದೆ. ಎಣ್ಣೆಯ ಹದ ತಪ್ಪಿದರೆ ಗಟ್ಟಿತನದ ಜೊತೆಗೆ ಕೂದಲೆಳೆಯಂಥ ಬಿರುಕೂ ಬಂದು ಒಳಗೆ ಕೂರುತ್ತದೆ. ಕಣ್ಣಿಗೆ ಕಾಣುವಂಥದ್ದಲ್ಲ ಅದು. ಅದಕ್ಕೇ ಆ ಕಾರ್ಖಾನೆಯಲ್ಲಿ ಒಂದು ಉದ್ದನೆಯ ಮೇಜು, ಮೇಜಿಗೆ ಮೂವರು ಹೆಂಗಸರು, ಒಬ್ಬೊಬ್ಬರ ಮುಂದೆ ಒಂದೊಂದು ಕರಿಕಲ್ಲಿನ ಹಲಗೆ. ಗೇಣೆತ್ತರದಿಂದ ಪಿನ್ನನ್ನು ಕಲ್ಲಿನ ಮೇಲೆ ಬೀಳಿಸಬೇಕು. ಒಳ್ಳೆಯದಾದರೆ 'ಟಿಣ್ಣ್' ಎಂದು ಒಂದು ಉಸಿರಿನಷ್ಟು ಹೊತ್ತು ಹಾಡುತ್ತದೆ. ಬಿರುಕಿನದಾದರೆ 'ಟಪ್' ಎಂದು ಬಾಯಿ ಮುಚ್ಚಿಕೊಳ್ಳುತ್ತದೆ. ಅಷ್ಟೇ ಕೆಲಸ. ಮೇಜಿನ ಹತ್ತಿರ ಯಾರೂ ಮಾತಾಡುವಂತಿಲ್ಲ. ಆ ಹೆಂಗಸರ ಕಿವಿ ಮೇಜಿನ ಪಾಲು, ಮಾತು ಮಧ್ಯಾಹ್ನದ ಊಟದ ಪಾಲು.

ಎಡಗಡೆ ದೊಡ್ಡಕ್ಕ, ನಡುವೆ ಕಿವಿಯಕ್ಕ, ಬಲಗಡೆ ಗುಬ್ಬಿ. ದೊಡ್ಡಕ್ಕ ಆಳೆತ್ತರದ ಹೆಂಗಸು. ಗುಬ್ಬಿ ಹೆಸರಿಗೆ ತಕ್ಕಂತೆ ಚಿಕ್ಕವಳು, ಕಾಲು ನೆಲಕ್ಕೆ ಮುಟ್ಟದ್ದಕ್ಕೆ ಕೆಳಗೆ ಮರದ ಮಣೆ ಇಟ್ಟುಕೊಂಡು ಕೂರುವವಳು. ನಡುವಿನವಳಿಗೆ ಕಿವಿಯಕ್ಕ ಎಂಬ ಹೆಸರು ಮೇಸ್ತ್ರಿಯ ಬಾಯಿಂದ ಬಂದದ್ದು. ಮೂವರಿಗೂ ಒಂದೊಂದು ಬಣ್ಣದ ಡಬ್ಬಿ: ಹಳದಿ, ಹಸಿರು, ನೀಲಿ. ಬೀಳಿಸಿ ನೋಡಿದ ತಟ್ಟೆಯ ಅಂಚಿಗೆ ತಮ್ಮ ಬಣ್ಣದ ಚುಕ್ಕೆ ಇಡಬೇಕು. ಚುಕ್ಕೆ ಎಂದರೆ ಪ್ರಮಾಣ ಮಾಡಿದ ಹಾಗೆ. ಒಬ್ಬರ ಬಣ್ಣವನ್ನು ಇನ್ನೊಬ್ಬರು ಮುಟ್ಟಿದರೆ ಗೇಟಿನಿಂದ ಆಚೆ ಎಂದು ಯಜಮಾನರು ಮೊದಲ ದಿನವೇ ಹೇಳಿಬಿಟ್ಟಿದ್ದರು.

ಆ ಬೆಳಿಗ್ಗೆ ಮನೆಯಲ್ಲಿ ಅತ್ತೆ ಅವಳ ಕೈಗೆ ಊಟದ ಡಬ್ಬಿ ಕೊಡುತ್ತಾ ಮುಖ ನೋಡಿದ್ದರು. ಸೊಸೆಯ ಮುಖವನ್ನು ಇಷ್ಟು ದಿನವೂ ಎಲ್ಲರೂ ನೋಡುತ್ತಲೇ ಇದ್ದರು, ಈಗ ಅಳುತ್ತಾಳೆ, ಈಗ ಅಳುತ್ತಾಳೆ ಎಂದು.

"ಅಳೋದಿದ್ರೆ ಅತ್ತುಬಿಡೇ" ಎಂದರು ಅತ್ತೆ. "ಬರ್ದೇ ಇದ್ರೆ ಈರುಳ್ಳಿ ಹೆಚ್ಚು. ನೋಡೋರಿಗಾದ್ರೂ ಸಮಾಧಾನ ಆಗತ್ತೆ."

"ಬರ್ತಾ ಇಲ್ಲ ಅತ್ತೆ."

"ನನಗೆ ಮಾತ್ರ ಎಲ್ಲಿ ಬರ್ತಿದೆ? ಹೆತ್ತೋಳು ನಾನು, ಮೊದಲು ನನಗೆ ಬರ್ಬೇಕು. ಸರದಿ ಪ್ರಕಾರ ನಿನಗೆ ಆಮೇಲೆ."

ದರ್ಜಿ ಕೆಲಸದವನು ಅವಳ ಗಂಡ. ಹೊಲಿಗೆ ಯಂತ್ರದ ಮುಂದೆ ಕೂತವನು ಕೂತಹಾಗೇ ಯಂತ್ರದ ಮೇಲೆ ತಲೆ ಇಟ್ಟಿದ್ದ. ನಿದ್ದೆ ಬಂದಿರಬೇಕು ಎಂದು ಅಂಗಡಿಗೆ ಬಂದವರು ಹೊರಗೆ ಕಾದಿದ್ದರಂತೆ. ಹೃದಯದೊಳಗೆ ಒಂದು ಪುಟ್ಟ ಕವಾಟ ಇರುತ್ತದೆ, ಅದು ಕೈಕೊಟ್ಟಿತು ಎಂದು ಡಾಕ್ಟರು ಹೇಳಿದರು. ಆ ಮಾತು ಅತ್ತೆಯ ಮನಸ್ಸಿನಿಂದ ಹೋಗಿರಲಿಲ್ಲ.

"ಅಲ್ವೇ, ಅಲ್ಲಿಂದ ಕಳಿಸೋಕೆ ಮುಂಚೆ ಒಂದ್ಸಲ ಬೀಳಿಸಿ ನೋಡೋರು ದೇವರ ಹತ್ರ ಯಾರೂ ಇರ್ಲಿಲ್ವಾ? ನಿನ್ನಂಥೋಳು ಒಬ್ಬಳು?"

"ಹಾಗೆಲ್ಲ ಅನ್ಬಾರ್ದು ಅತ್ತೆ."

"ಅಂತೀನಿ. ಅವನನ್ನ ಬಯ್ಯೋದು ನನಗೆ ಹೊಸದಲ್ಲ, ಬೈಸ್ಕೊಳ್ಳೋದು ಅವನಿಗೂ ಹೊಸದಲ್ಲ. ನೀನು ಹೊರಡು, ಹೊತ್ತಾಯ್ತು."

ಭಕ್ತಿಯಲ್ಲಿ ಇದೂ ಒಂದು ಬಗೆ. ಜಗಳವಾಡಲು ಎದುರಿಗೆ ಒಬ್ಬನಿದ್ದಾನೆ ಎಂದು ನಂಬಿದವರು ಮಾತ್ರ ಹೀಗೆ ಜಗಳವಾಡುತ್ತಾರೆ.

ಕಿವಿಯಕ್ಕ ಮೇಜಿಗೆ ಬಂದು ಕೂತಳು. ಅವಳ ಕಲ್ಲನ್ನು ಯಾರೋ ಒರೆಸಿಟ್ಟಿದ್ದರು. ಹಸಿರು ಡಬ್ಬಿಯ ಮುಚ್ಚಳ ತೆಗೆದಳು. ಇಷ್ಟು ದಿನ ಮುಟ್ಟದೆ ಬಿಟ್ಟ ಬ್ರಷ್ಷು ಕಡ್ಡಿಯ ಹಾಗೆ ಗಟ್ಟಿಯಾಗಿರಬೇಕಿತ್ತು. ಅದರ ಕೂದಲು ಮೆತ್ತಗಿತ್ತು, ಬಣ್ಣ ಹಸಿಯಾಗಿತ್ತು. ಅವಳು ಅದನ್ನು ನೋಡಿದಳು. ನೋಡಿದ್ದು ಒಳಗೆ ಹೋಗಿ ಏನನ್ನೂ ಮುಟ್ಟಲಿಲ್ಲ. ಮೊದಲ ಪಿನ್ನು ಬೀಳಿಸಿದಳು. ಟಿಣ್ಣ್. ಬಹಳ ದೂರದಲ್ಲಿ, ಬೇರೆ ಯಾರದೋ ಮನೆಯಲ್ಲಿ ಬಿದ್ದ ಹಾಗೆ ಕೇಳಿಸಿತು. ಆದರೂ ಅದು ಟಿಣ್ಣ್ ಎಂಬುದರಲ್ಲಿ ಸಂಶಯವಿರಲಿಲ್ಲ. ಇನ್ನೊಂದು, ಮತ್ತೊಂದು. ಒಂದು ಟಪ್ ಎಂದಿತು, ತೆಗೆದು ಪಕ್ಕಕ್ಕಿಟ್ಟಳು. ಮನಸ್ಸು ಮುಚ್ಚಿದ ಮನೆಯ ಅಂಗಳದಲ್ಲಿ ಕಿವಿ ಒಂಟಿಯಾಗಿ ಕಸ ಗುಡಿಸುತ್ತಿದ್ದ ಹಾಗಿತ್ತು.

ಮಧ್ಯಾಹ್ನ ಮೂವರೂ ಹಿಂಬದಿಯ ಗೋಡೆಯ ನೆರಳಲ್ಲಿ ಡಬ್ಬಿ ಬಿಚ್ಚಿದರು. ಆಗ ಗುಬ್ಬಿಯೇ ಬಾಯಿಬಿಟ್ಟಳು, ಇಷ್ಟು ದಿನ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದು ಅವಳ ಪಾಲಿಗೆ ದೊಡ್ಡ ತಪಸ್ಸು.

"ನಿನ್ನ ಜಾಗ ಹಾಗೇ ಇದೆ ನೋಡು ಅಕ್ಕಾ. ಬಿರುಕು ಹಿಡಿಯೋ ಮಿಷನ್ ತಂದು ಅಲ್ಲಿ ಕೂರ್ಸೋಣ ಅಂತಿದ್ರು ಯಜಮಾನ್ರು. ಯಾವ ಜಾಗ ಖಾಲಿ ಬಿದ್ದಿದ್ಯೋ ಅಲ್ಲೇ ಮೊದಲು ಅಂತ. ಖಾಲಿ ಬೀಳೋಕೆ ಬಿಟ್ಟಿದ್ರೆ ತಾನೆ!"

ಆಗ ಕಿವಿಯಕ್ಕನಿಗೆ ಬ್ರಷ್ಷಿನ ವಿಷಯ ಅರ್ಥವಾಯಿತು. ತಾನು ಮನೆಯಲ್ಲಿ ಗೋಡೆ ನೋಡುತ್ತಾ ಕೂತ ದಿನಗಳಲ್ಲೂ ಹಸಿರು ಚುಕ್ಕೆಯ ತಟ್ಟೆಗಳು ದಿನಾ ಹೋಗಿವೆ.

"ನನ್ನ ಪಾಲಿಂದೂ ನೀವೇ ಮಾಡಿದ್ರಾ? ನಿಮ್ಮದೇ ಬೆಟ್ಟದಷ್ಟು ಇರತ್ತೆ. ಹೇಗೆ ಮಾಡಿದ್ಯೇ ಗುಬ್ಬಿ, ಕೈ ಬಿದ್ದುಹೋಗಿರ್ಬೇಕು."

"ಅಯ್ಯೋ, ನಂದೇನಿಲ್ಲ. ಬೀಳಿಸಿ ನೋಡಿದ್ದೆಲ್ಲ ದೊಡ್ಡಕ್ಕ. ನಾನು ಚುಕ್ಕೆ ಇಟ್ಟೆ ಅಷ್ಟೆ."

ದೊಡ್ಡಕ್ಕ ಬಾಯಿಗೆ ಒಯ್ದ ತುತ್ತನ್ನು ಕೆಳಗಿಳಿಸಿದಳು.

"ನಾನೆಲ್ಲಿ ಬೀಳಿಸ್ದೆ? ನಾನು ತಟ್ಟೆ ಇಟ್ಟೆ. ನೀನು ಬೀಳಿಸಿ ಚುಕ್ಕೆ ಇಡ್ತೀಯ ಅಂತ ಇಟ್ಟೆ."

"ಬಲಗಡೆ ಇಟ್ಟಿದ್ಯಲ್ಲ ದೊಡ್ಡಕ್ಕ!"

"ನಿನ್ನ ಕೈಗೆ ಎಟುಕಲಿ ಅಂತ ಇಟ್ಟೆ ಕಣೇ! ಗುಬ್ಬಿ ಕೈ ಎಷ್ಟುದ್ದ ಅಂತ ನನಗೆ ಗೊತ್ತಿಲ್ವಾ?"



ಆ ಮೇಜಿನ ಪದ್ಧತಿ ಹೀಗೆ: ಕುಲುಮೆಯಿಂದ ಬಂದ ತಟ್ಟೆ ಕೂತವರ ಎಡಕ್ಕೆ, ಬೀಳಿಸಿ ಆದದ್ದು ಬಲಕ್ಕೆ. ನಡುವೆ ಕೂರುವವಳು ಇಲ್ಲದಾಗ ಎಡಬದಿಯವಳು ಪ್ರೀತಿಯಿಂದ ಕೈ ಚಾಚಿ ತಟ್ಟೆಯನ್ನು ಬಲಬದಿಯವಳ ಹತ್ತಿರ ಇಟ್ಟಳು. ಬಲಬದಿಯವಳು ಖಾಲಿ ಜಾಗದ ಬಲಕ್ಕಿರುವ ತಟ್ಟೆಯನ್ನು ನೋಡಿ, ಈ ದೊಡ್ಡಕ್ಕನ ಕೈ ಎಷ್ಟು ಚುರುಕಪ್ಪಾ ಎಂದುಕೊಂಡು ಚುಕ್ಕೆ ಇಟ್ಟಳು. ಇಡೀ ದಿನ ಟಿಣ್ಣ್ ಟಿಣ್ಣ್ ಎನ್ನುವ ಮೇಜಿನಲ್ಲಿ ಯಾರ ಪಾಲಿನ ಪಿನ್ನು ಬೀಳುತ್ತಿದೆ, ಯಾರದು ಬೀಳುತ್ತಿಲ್ಲ ಎಂದು ಯಾರು ಲೆಕ್ಕ ಇಟ್ಟಾರು? ಮೇಜಿನಲ್ಲಿ ಮಾತಿಲ್ಲ. ಊಟದ ಹೊತ್ತಿಗೆ ಮಾತಿತ್ತು. ಆದರೆ ಕಷ್ಟದಲ್ಲಿರುವವರಿಗೆ ಮಾಡಿದ್ದನ್ನು ಬಾಯಿಬಿಟ್ಟು ಆಡಿಕೊಂಡರೆ ಮಾಡಿದ್ದರ ಪುಣ್ಯ ಕರಗಿಹೋಗುತ್ತದೆಂದು ಇಬ್ಬರೂ ಮರ್ಯಾದೆಯಿಂದ ಸುಮ್ಮನಿದ್ದರು. ಒಬ್ಬಳ ದಯೆ ಇನ್ನೊಬ್ಬಳ ದಯೆಯನ್ನು ನಂಬಿ ಕೂತಿತ್ತು. ನಡುವೆ ಪಿನ್ನುಗಳು ಯಾರ ಕಿವಿಗೂ ಬೀಳದೆ ದಾಟಿಹೋದವು.

"ಏನಾಗಲ್ಲ ಬಿಡಿ" ಎಂದಳು ಗುಬ್ಬಿ. ಅವಳ ದನಿ ಸಣ್ಣದಾಗಿತ್ತು. "ಎಷ್ಟೋ ದಿನ ಒಂದೂ ಕೆಟ್ಟದ್ದು ಸಿಗಲ್ಲ ನಮಗೆ. ಎಲ್ಲ ಒಳ್ಳೇದೇ ಇರತ್ತೆ."

ದೊಡ್ಡಕ್ಕ ನೆಲ ನೋಡುತ್ತಾ, "ಆ ದಿನಗಳಲ್ಲಿ ನನ್ನ ತಟ್ಟೇಲಿ ಕೆಟ್ಟದ್ದು ಜಾಸ್ತಿನೇ ಬರ್ತಿತ್ತು" ಎಂದಳು.

"ನನ್ನದ್ರಲ್ಲೂ" ಎಂದಳು ಗುಬ್ಬಿ.

ಹಾಗಾದರೆ ಹಸಿರಿನಲ್ಲೂ ಇವೆ. ಅದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಕಿವಿಯಕ್ಕ ಡಬ್ಬಿ ಮುಚ್ಚಿ ಎದ್ದಳು. ಗುಬ್ಬಿ ಅವಳ ಸೆರಗು ಹಿಡಿದುಕೊಂಡಳು.

"ಅಕ್ಕಾ, ಮೇಸ್ತ್ರಿಗೆ ಹೇಳಿದ್ರೆ ನಮಗೆ ಗೇಟು. ನಿನಗಾಗಿ ಮಾಡಿದ್ದು ಕಣಕ್ಕಾ. ನನ್ನ ಮನೆ ಸ್ಥಿತಿ ನಿನಗೆ ಗೊತ್ತಲ್ಲ."

"ಗೊತ್ತು."

"ಮತ್ತೆ?"

ಬೇರೆ ದಿನವಾಗಿದ್ದರೆ ಕಿವಿಯಕ್ಕ ಅಲ್ಲೇ ಕುಸಿದು ಕೂರುತ್ತಿದ್ದಳೇನೋ. ಎರಡು ಕಡೆಯಿಂದಲೂ ಭಯ ಬಂದು ಹಿಡಿಯುತ್ತಿತ್ತು. ಈಗ ಭಯ ಬಂದು ಕೂರಲು ಒಳಗೆ ಜಾಗವೇ ಎಚ್ಚರವಾಗಿರಲಿಲ್ಲ. ಗುಬ್ಬಿಯ ಬೆರಳುಗಳನ್ನು ಸೆರಗಿನಿಂದ ಒಂದೊಂದಾಗಿ ಬಿಡಿಸಿದಳು, ಮಗುವಿನ ಕೈ ಬಿಡಿಸುವ ಹಾಗೆ, ನೋಯಿಸದೆ.

"ಬಸ್ಸಲ್ಲಿ ಕೂತಿರೋರಿಗೆ ಇದ್ಯಾವುದೂ ಗೊತ್ತಿಲ್ಲ ಗುಬ್ಬಿ" ಎಂದಳು.

ಮೇಸ್ತ್ರಿ ಎಂದರೆ ಇಡೀ ಕೆಲಸದ ಮೇಲ್ವಿಚಾರಣೆ ನೋಡುವವನು; ಚುಕ್ಕೆ ನೋಡಿ ಅದೇ ಬಣ್ಣದ ಚುಕ್ಕೆಯ ಪೆಟ್ಟಿಗೆಗೆ ತುಂಬಿಸಿ, ಮುಚ್ಚಳದ ಮೇಲೆ ತನ್ನ ಮೊಹರು ಒತ್ತಿ ಕಳಿಸುವವನು. ಅವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಕುತ್ತಿಗೆ ಒರೆಸಿಕೊಂಡ.

"ನೀನು ಇನ್ನೂ ನಾಲ್ಕು ದಿನ ಮನೇಲಿರಬೇಕಿತ್ತು ಕಣಮ್ಮ. ತಲೆಗೆ ಹಚ್ಕೊಂಡಿದ್ದೀಯ."

"ತಲೆಗೆ ಏನೂ ಹತ್ತುತ್ತಾ ಇಲ್ಲ ಮೇಸ್ತ್ರಿ. ಅದೇ ತೊಂದರೆ. ಒಂದು ಪೆಟ್ಟಿಗೆ ತೆಗೀರಿ, ನೋಡೇಬಿಡೋಣ."

"ಮೊಹರು ಒತ್ತಿದ ಪೆಟ್ಟಿಗೆ."

"ಮೊಹರು ಮೇಲಿರತ್ತೆ. ಪಿನ್ನು ಒಳಗಿರತ್ತೆ."

ಮೇಸ್ತ್ರಿ ಅವಳ ಮುಖ ನೋಡಿದ, ಆಮೇಲೆ ಕಬ್ಬಿಣದ ಸಲಾಕೆ ತಂದ. ಹಸಿರು ಚುಕ್ಕೆಯ ಪೆಟ್ಟಿಗೆಗಳು ಕೋಣೆಯ ಮೂಲೆಯಲ್ಲಿ ಒಂದರ ಮೇಲೊಂದು ಕೂತಿದ್ದವು. ಮುಚ್ಚಳ ಕಿತ್ತ ಸದ್ದಿಗೆ ಕುಲುಮೆಯವನು ಓಡಿಬಂದ. ಅವನೋ ಬೆಂಕಿಯ ಹತ್ತಿರ ನಿಂತು ನಿಂತು ಹುಬ್ಬು ಕಳೆದುಕೊಂಡವನು, ಅದಕ್ಕೇ ಯಾವಾಗಲೂ ಆಶ್ಚರ್ಯಪಟ್ಟವನ ಹಾಗೆ ಕಾಣುತ್ತಿದ್ದ.

"ಏನು, ನನ್ನ ಮಕ್ಕಳನ್ನ ವಾಪಸ್ ಪರೀಕ್ಷೆಗೆ ಕೂರಿಸ್ತಿದ್ದೀರಾ? ಒಂದ್ಸಲ ಪಾಸಾಗಿದ್ದಾರಲ್ಲ!"

"ಪರೀಕ್ಷೆಗೇ ಕೂರ್ಲಿಲ್ಲವಂತೆ ನಿನ್ನ ಮಕ್ಕಳು" ಎಂದ ಮೇಸ್ತ್ರಿ. "ಎಣ್ಣೆ ಹೇಗಿತ್ತು ಆವಾಗ?"

ಕುಲುಮೆಯವನ ನಗು ನಿಂತಿತು. "ಹಳೇ ಎಣ್ಣೆ. ಬದಲಾಯಿಸ್ಬೇಕು ಅಂತ ಹೇಳ್ತಾನೇ ಇದ್ದೆ. ಬಂದಿರ್ಲಿಲ್ಲ. ಹೇಗೂ ಮೇಜಿನ ಹತ್ರ ಹಿಡೀತಾರೆ ಅಂತ..."



ಮೂವರು ಹೆಂಗಸರೂ ಕೂತರು. ದೊಡ್ಡಕ್ಕ ತಟ್ಟೆ ತುಂಬಿಸಿ ಎಡಕ್ಕೆ ಇಟ್ಟಳು. ಈ ಸಲ ಎಡಕ್ಕೇ. ಟಿಣ್ಣ್, ಟಿಣ್ಣ್, ಟಿಣ್ಣ್. ಬಹಳ ಹೊತ್ತು ಬರೀ ಟಿಣ್ಣ್. ಗುಬ್ಬಿ ಉಸಿರು ಬಿಡತೊಡಗಿದ್ದಳು, ಅಷ್ಟರಲ್ಲಿ ಅವಳ ಕಲ್ಲಿನ ಮೇಲೆಯೇ ಟಪ್ ಎಂದಿತು. ಅವಳು ಆ ಪಿನ್ನನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಕೂತುಬಿಟ್ಟಳು. ಆಮೇಲೆ ಕಿವಿಯಕ್ಕನ ಕಲ್ಲಿನ ಮೇಲೆ ಒಂದು, ದೊಡ್ಡಕ್ಕನದರ ಮೇಲೆ ಒಂದು. ಮೊದಲ ಪೆಟ್ಟಿಗೆ ಮುಗಿಯುವ ಹೊತ್ತಿಗೆ ಪಕ್ಕದ ಬಟ್ಟೆಯ ಮೇಲೆ ಒಂದು ಹಿಡಿಯಷ್ಟು ಕೂಡಿದ್ದವು.

"ಹಸಿರಿನ ಪೆಟ್ಟಿಗೆ ಯಾವುದಾದ್ರೂ ಆಚೆ ಹೋಗಿದ್ಯಾ?" ಎಂದು ಕಿವಿಯಕ್ಕ ಕೇಳಿದಳು.

ಮೇಸ್ತ್ರಿ ಆಗಲೇ ಚಪ್ಪಲಿ ಹುಡುಕುತ್ತಿದ್ದ. "ಒಂದು. ನಿನ್ನೆ. ಬಸ್ ಡಿಪೋಗೆ."

ಹಳದಿ ಚುಕ್ಕೆಯ ಒಂದು ಪೊಟ್ಟಣ ಕೈಗೆತ್ತಿಕೊಂಡು, ಸಾಮಾನಿನ ವ್ಯಾನಿನಲ್ಲಿ ಡ್ರೈವರನ ಪಕ್ಕ ಕೂತು ಇಬ್ಬರೂ ಹೊರಟರು. ದಾರಿಯಲ್ಲಿ ಮುಂದೆ ಒಂದು ಬಸ್ಸು ಹೋಗುತ್ತಿತ್ತು. ಬ್ರೇಕು ಹಾಕಿದಾಗಲೆಲ್ಲ ಅದರ ಹಿಂದಿನ ಕೆಂಪು ದೀಪ ಹೊತ್ತುತ್ತಿತ್ತು. ಪ್ರತಿ ಸಲವೂ ಮೇಸ್ತ್ರಿಯ ಬಲಗಾಲು ತನಗೇ ಗೊತ್ತಿಲ್ಲದೆ ವ್ಯಾನಿನ ನೆಲ ಒತ್ತುತ್ತಿತ್ತು.

ಡಿಪೋದ ಮೆಕ್ಯಾನಿಕ್ಕು ಎಣ್ಣೆ ಕುಡಿದ ಬಟ್ಟೆಯಲ್ಲಿ ಕೈ ಒರೆಸುತ್ತಾ ಬಂದ. ಪೆಟ್ಟಿಗೆ ಅಲ್ಲೇ ಇತ್ತು, ಹೆಚ್ಚುಕಮ್ಮಿ ತುಂಬಿದ್ದಂತೆಯೇ ಇತ್ತು.

"ನಾಲ್ಕೇ ನಾಲ್ಕು ತೆಗೆದೆ. ಗುಡ್ಡದ ಬಸ್ಸಿಗೆ ಹಾಕ್ದೆ, ಬೆಳಿಗ್ಗೆ. ಯಾಕೆ?"

ಮೇಸ್ತ್ರಿ ಹೇಳಿದ. ಮೆಕ್ಯಾನಿಕ್ಕು ಕೈ ಒರೆಸುವುದನ್ನು ನಿಲ್ಲಿಸಿದ.

"ಆ ಚಾಲಕನಿಗೆ ಫೋನ್ ಮಾಡಿ" ಎಂದಳು ಕಿವಿಯಕ್ಕ.

"ಓಡಿಸೋವಾಗ ಎತ್ತಲ್ಲಮ್ಮ ಅವನು. ಒಳ್ಳೇ ಅಭ್ಯಾಸ ಅಂತ ನಾನೇ ಎಲ್ಲರ ಮುಂದೆ ಹೊಗಳಿದ್ದೀನಿ." ಅವನು ಮಾಡಿದ, ಎತ್ತಲಿಲ್ಲ. ಗುಡ್ಡದ ಮೇಲಿನ ನಿಲ್ದಾಣಕ್ಕೆ ಮಾಡಿದ. ಬಸ್ಸು ಆಗಲೇ ಅಲ್ಲಿಂದ ಹೊರಟಿತ್ತು, ಇಳಿಯುತ್ತಿತ್ತು.

ಕಾಯುವುದೊಂದೇ ಉಳಿದದ್ದು. ಚಾಲಕರು ಕೂರುವ ಕಲ್ಲುಬೆಂಚಿನ ಮೇಲೆ ಇಬ್ಬರೂ ಕೂತರು. ಡಿಪೋದ ಅಂಗಳದಲ್ಲಿ ಬಸ್ಸುಗಳು ಬರುತ್ತಿದ್ದವು, ಹೋಗುತ್ತಿದ್ದವು. ನೆಲದ ಎಣ್ಣೆಯ ಕಲೆಗಳ ಮೇಲೆ ಬಿಸಿಲು ಬಣ್ಣಬಣ್ಣವಾಗಿ ಹರಡಿತ್ತು. ಕಿವಿಯಕ್ಕ ದೇವರನ್ನು ನೆನೆದಳು. ಬಾಯಿಗೆ ಮಾತು ಬಂತು, ಮಾತಿನೊಳಗೆ ಏನೂ ಬರಲಿಲ್ಲ. ಕಾಪಾಡು, ಕಾಪಾಡು ಎಂದು ಅಂದಳು, ಬೇರೆಯವರ ಸಾಮಾನನ್ನು ಅವರ ಬಾಗಿಲಿಗೆ ಮುಟ್ಟಿಸಿ ಬರುವ ಹಾಗೆ. ಮನಸ್ಸು ಕರಗದ ಪ್ರಾರ್ಥನೆ ಅಲ್ಲಿಗೆ ಮುಟ್ಟುತ್ತದೋ ಇಲ್ಲವೋ ಎಂದು ಕೇಳಬಾರದು. ಮುಟ್ಟಿಸುವುದು ನಮ್ಮ ಕೆಲಸವಲ್ಲ. ಹೇಳುವುದಷ್ಟೇ ನಮ್ಮದು.

"ನಾನೂ ನೋಡಿದ್ದೆ" ಎಂದ ಮೇಸ್ತ್ರಿ, ಇದ್ದಕ್ಕಿದ್ದಂತೆ.

"ಏನನ್ನ?"

"ಹಸಿರು ಚುಕ್ಕೆ. ನೀನು ಮನೇಲಿದ್ದೀಯ ಅಂತ ನನಗೆ ಗೊತ್ತಿಲ್ವಾ? ನಾನೇ ನಿಮ್ಮನೆಗೆ ಬಂದು ಕೂತು ಎದ್ದು ಹೋಗಿದ್ದೆ. ಮಾರನೇ ದಿನ ನಿನ್ನ ಬಣ್ಣ ನೋಡಿದೆ. ಪಾಪ, ಹುಡುಗೀರು ನಿನ್ನ ಜಾಗ ಕಾಯ್ತಿದ್ದಾರೆ ಅಂದ್ಕೊಂಡೆ. ಮೊಹರು ಒತ್ತಿದೆ. ಒಂದನ್ನಾದ್ರೂ ಬೀಳಿಸಿ ನೋಡಬೇಕು ಅಂತ ಹೊಳೀಲೇ ಇಲ್ಲ."

ಎಲ್ಲರೂ ಅವಳ ಮೇಲೆ ಕರುಣೆ ಇಟ್ಟಿದ್ದರು. ಆ ಕರುಣೆ ಈಗ ಬಸ್ಸಿನ ಹೊಟ್ಟೆಯಡಿ ನೇತಾಡುತ್ತಾ ಗುಡ್ಡ ಇಳಿಯುತ್ತಿತ್ತು.

ಮೆಕ್ಯಾನಿಕ್ಕು ಗೇಟಿನವರೆಗೆ ಹೋಗಿ ರಸ್ತೆ ನೋಡಿ ಬಂದ. ಮತ್ತೆ ಹೋದ, ಮತ್ತೆ ಬಂದ. ಮೂರನೆಯ ಸಲ ಹೋದವನು ಅಲ್ಲಿಂದಲೇ ಕೈ ಎತ್ತಿದ.

ಬಸ್ಸು ಬಂತು. ಜನ ಇಳಿದರು, ಚೀಲ, ಮಕ್ಕಳು, ಒಬ್ಬಳ ಕೈಯಲ್ಲಿ ಒಂದು ಕುಂಡದ ಗಿಡ. ಚಾಲಕ ಹೊಟ್ಟೆ ದೊಡ್ಡದಿದ್ದ ಮನುಷ್ಯ, ಇಳಿಯುತ್ತಲೇ ನಗೆಚಾಟಿಕೆ ಶುರು ಮಾಡಿದ.

"ಏನು ಸ್ವಾಮಿ, ಸ್ವಾಗತಕ್ಕೆ ಎಲ್ಲ ಸಾಲಾಗಿ ನಿಂತಿದ್ದೀರಿ? ನನಗೇನಾದ್ರೂ ಬಡ್ತಿ ಬಂತಾ?"

"ಬ್ರೇಕು ಹೇಗಿತ್ತು?" ಎಂದ ಮೆಕ್ಯಾನಿಕ್ಕು.

"ಹೆಂಡತಿ ಥರ. ಕೂಗತ್ತೆ, ಆದರೆ ಕೈ ಬಿಡಲ್ಲ. ಯಾಕೆ?"

ಮೆಕ್ಯಾನಿಕ್ಕು ಆಗಲೇ ಬಸ್ಸಿನಡಿ ಮಲಗಿಯಾಗಿತ್ತು. ಒಂದೊಂದೇ ಪಿನ್ನು ಬಿಚ್ಚಿ, ಒರೆಸಿ, ಕೆಳಗಿನಿಂದಲೇ ಕೈ ಚಾಚಿ ಕೊಟ್ಟ. ಕಿವಿಯಕ್ಕ ಕಲ್ಲುಬೆಂಚಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಸುತ್ತ ಗುರುಗುಡುತ್ತಿದ್ದ ಬಸ್ಸುಗಳನ್ನು ನೋಡಿದಳು.

"ಇಂಜಿನ್ನು ನಿಲ್ಲಿಸ್ಬೇಕು. ಎಲ್ಲಾನೂ."

"ಎಲ್ಲಾನಾ?"

"ಒಂದು ಗಳಿಗೆ ಅಷ್ಟೆ."

ಮೇಸ್ತ್ರಿ ಅಂಗಳದ ನಡುವೆ ನಿಂತು ಎರಡೂ ಕೈ ಎತ್ತಿ ಕೂಗಿದ. ಒಂದೊಂದಾಗಿ ಇಂಜಿನ್ನುಗಳು ನಿಂತವು. ಕಿಟಕಿಯಿಂದ ತಲೆಗಳು ಹೊರಬಂದವು. ಆ ಅಂಗಳದಲ್ಲಿ ಅಂಥ ಮೌನ ಯಾವತ್ತೂ ಬಿದ್ದಿರಲಾರದು. ಎಲ್ಲೋ ಒಂದು ನಲ್ಲಿಯಿಂದ ನೀರು ತೊಟ್ಟಿಕ್ಕುತ್ತಿದ್ದದ್ದು ಕೂಡ ಕೇಳಿಸಿತು.

ಮೊದಲನೆಯದು: ಟಿಣ್ಣ್. ಎರಡನೆಯದೂ ಹಾಗೇ. ಮೂರನೆಯದನ್ನು ಬೀಳಿಸಿದಳು, ಟಪ್. ನಾಲ್ಕನೆಯದು ಟಿಣ್ಣ್ ಎಂದು ಉದ್ದಕ್ಕೆ ಹಾಡಿತು.

ಮೂರನೆಯದನ್ನು ಮತ್ತೆ ಕೈಗೆತ್ತಿಕೊಂಡು ಬೀಳಿಸಿದಳು. ತನ್ನೊಳಗೆ ಎಲ್ಲವೂ ಟಪ್ ಎನ್ನುವ ಕಾಲ ಇದು, ಈ ಸದ್ದು ಪಿನ್ನಿನದೋ ತನ್ನದೋ ಎಂಬ ಒಂದು ಅನುಮಾನ ಬಂದುಹೋಯಿತು. ಇಲ್ಲ. ಪಿನ್ನಿನದೇ.

"ಇದು ಬೇಡ" ಎಂದಳು.

ಚಾಲಕ ಬಗ್ಗಿ ನೋಡಿದ. "ಇದಕ್ಕೇನಾಗಿದೆ ತಾಯಿ? ಫಳಫಳ ಅಂತಿದೆ. ಬೆಳಗ್ಗಿಂದ ಹತ್ತಿ ಇಳಿದು ಹತ್ತಿ ಇಳಿದು ಮಾಡಿದ್ದೀನಿ, ಒಂದು ಮಾತೂ ಆಡ್ಲಿಲ್ಲ ಇದು."

ಮೆಕ್ಯಾನಿಕ್ಕು ಪಿನ್ನನ್ನು ತನ್ನ ಕೆಲಸದ ಮೇಜಿನ ಇಕ್ಕುಳಕ್ಕೆ ಕಚ್ಚಿಸಿ ಸುತ್ತಿಗೆಯಿಂದ ಒಂದು ಪೆಟ್ಟು ಕೊಟ್ಟ. ದೊಡ್ಡ ಪೆಟ್ಟೇನಲ್ಲ. ಪಿನ್ನು ಎರಡು ತುಂಡಾಗಿ, ಒಂದು ಚಾಲಕನ ಕಾಲಬುಡಕ್ಕೆ ಬಿತ್ತು. ಮೆಕ್ಯಾನಿಕ್ಕು ಮುರಿದ ಬಾಯಿಯನ್ನು ಬೆಳಕಿಗೆ ಹಿಡಿದು ತೋರಿಸಿದ. ಮುಕ್ಕಾಲು ಪಾಲು ಮಸಿ ಬಳಿದ ಹಾಗೆ ಕಪ್ಪು, ಅದು ಹಳೆಯ ಬಿರುಕು. ಅಂಚಿನಲ್ಲಿ ಉಗುರಿನ ತುದಿಯಷ್ಟು ಜಾಗ ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು, ಈಗ ಮುರಿದದ್ದು.

"ಇಷ್ಟೇ ಹಿಡ್ಕೊಂಡಿದ್ದಿದ್ದು" ಎಂದ. "ಇಷ್ಟರಲ್ಲೇ ಬಂದಿದ್ದೀಯ ನೀನು."

ಚಾಲಕ ಬೆಂಚಿನ ಮೇಲೆ ಕೂತುಕೊಂಡ. ಬಹಳ ಹೊತ್ತು ತನ್ನ ಬಲಗಾಲಿನ ಚಪ್ಪಲಿಯನ್ನೇ ನೋಡುತ್ತಿದ್ದ. ಇಂಜಿನ್ನುಗಳು ಮತ್ತೆ ಒಂದೊಂದಾಗಿ ಗುರುಗುಡತೊಡಗಿದವು.

"ಮೇಲಿನ ತಿರುವಲ್ಲಿ ಶಾಲೆ ಮಕ್ಕಳು ಹತ್ತಿದ್ರು" ಎಂದ ಕೊನೆಗೆ, ಯಾರಿಗೆ ಅಂತಿಲ್ಲದೆ.

ಹಳದಿ ಪೊಟ್ಟಣದಿಂದ ನಾಲ್ಕು ಪಿನ್ನು ತೆಗೆದು, ಅವನ್ನೂ ಬೀಳಿಸಿ ನೋಡಿ, ಬಸ್ಸಿಗೆ ಹಾಕಿದರು. ಹಸಿರಿನ ಪೆಟ್ಟಿಗೆ ವ್ಯಾನು ಹತ್ತಿತು.

ಮುಂದೇನಾಯಿತು ಎಂಬುದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು, ಗುಬ್ಬಿಯ ಚಿಂತೆ ಓದುವವರಿಗೆ ಯಾಕೆ. ಮಾರನೆಯ ದಿನ ಯಜಮಾನರ ಕೋಣೆಗೆ ಮೇಸ್ತ್ರಿಯೇ ಮೊದಲು ಹೋದ. ಅವನ ಹಿಂದೆ ದೊಡ್ಡಕ್ಕ, ಗುಬ್ಬಿ, ಕಿವಿಯಕ್ಕ, ಕರೆಯದಿದ್ದರೂ ಕುಲುಮೆಯವನು. ಯಜಮಾನರು ಕಿರುಚಾಡಿದರು. ಗೇಟು ಎಂದರೆ ಐವರಿಗೂ ಗೇಟು ಹೇಳಬೇಕು, ಹೇಳಿದರೆ ಕಾರ್ಖಾನೆಯಲ್ಲಿ ಉಳಿಯುವವರು ತಾವು ಮತ್ತು ಬಾಗಿಲು ಕಾಯುವವನು. ಹಳೆಯ ಎಣ್ಣೆ ಬದಲಾಯಿಸದ ಮಾತು ಬಂದಾಗ ಅವರ ದನಿಯೂ ಇಳಿಯಿತು. ಎಣ್ಣೆ ಆ ದಿನವೇ ಬಂತು. ಮೇಸ್ತ್ರಿಯ ಕೈಯಿಂದ ಮೊಹರು ಕೆಲವು ತಿಂಗಳು ಹೋಯಿತು. ಮಿಷನ್ನೂ ಬಂತು, ಬೇರೆ ಮೂಲೆಗೆ. ಕೂತವರಿಲ್ಲದ ಜಾಗಕ್ಕೆ ತಟ್ಟೆ ಇಡಬಾರದು, ಅಲ್ಲಿ ಕಲ್ಲನ್ನು ಬೋರಲು ಹಾಕಬೇಕು ಎಂಬ ಹೊಸ ಪದ್ಧತಿ ಶುರುವಾಯಿತು. ಗುಬ್ಬಿ ಬಹಳ ದಿನ ಕಿವಿಯಕ್ಕನ ಹತ್ತಿರ ಮಾತಾಡಲಿಲ್ಲ, ಆಮೇಲೆ ಒಂದು ದಿನ ಡಬ್ಬಿ ಬಿಚ್ಚುವಾಗ ಏನೋ ತಮಾಷೆ ನೆನಪಾಗಿ, ಕೋಪ ಮರೆತು ಹೇಳಿಬಿಟ್ಟಳು.

ಇದೆಲ್ಲ ಆಮೇಲಿನದು. ಆ ಸಂಜೆ ಡಿಪೋದಲ್ಲಿ ಮೇಸ್ತ್ರಿ ವ್ಯಾನು ಹತ್ತುವಾಗ, "ನೀನು ಮನೆಗೆ ಹೋಗಮ್ಮ, ಅತ್ತೆ ಕಾಯ್ತಿರ್ತಾರೆ" ಎಂದ. ಗುಡ್ಡದ ಬಸ್ಸು ಗುಡ್ಡದಾಚೆಯ ಅವಳ ಬೀದಿಯ ತುದಿಯಲ್ಲೇ ಹಾದುಹೋಗುವಂಥದ್ದು. ಚಾಲಕ ಬಾಗಿಲು ತೆರೆದು, "ಹತ್ತಿ ತಾಯಿ" ಎಂದ. ಆಮೇಲೆ ಇಡೀ ದಾರಿ ಒಂದು ನಗೆಚಾಟಿಕೆಯನ್ನೂ ಆಡಲಿಲ್ಲ.

ನಿಲ್ದಾಣದಲ್ಲಿ ಕಾದು ಕಾದು ಸಿಟ್ಟಿಗೆದ್ದ ಜನ ನುಗ್ಗಿದರು. ಒಬ್ಬ ಹೆಂಗಸು ಮಲಗಿದ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಬಂದು ಕಿವಿಯಕ್ಕನ ಪಕ್ಕ ಧೊಪ್ಪನೆ ಕೂತಳು.

"ನೋಡಿ, ಎಷ್ಟು ಹೊತ್ತು ಕಾಯಿಸಿದ್ರು! ಏನಾಗಿತ್ತಂತೆ?"

"ಏನೂ ಆಗಿರ್ಲಿಲ್ಲವಂತೆ" ಎಂದಳು ಕಿವಿಯಕ್ಕ.

"ಏನೂ ಆಗ್ದೇನೇ ಇಷ್ಟು ತಡ! ಈ ಬಸ್ಸಿನೋರಿಗೆ ನಮ್ಮ ಕಷ್ಟ ಎಲ್ಲಿ ಗೊತ್ತಾಗ್ಬೇಕು. ಮನೇಲಿ ನಮ್ಮತ್ತೆ ಒಲೆ ಮುಂದೆ ಕೂತು ಬೈತಿರ್ತಾರೆ."

"ಹೌದಮ್ಮ, ಬೈತಾರೆ."

ಬಸ್ಸು ಗುಡ್ಡ ಹತ್ತಿತು, ಮೇಲೆ ಒಂದು ಕ್ಷಣ ನಿಂತು ಇಳಿಯತೊಡಗಿತು. ಮೊದಲ ತಿರುವಿನಲ್ಲಿ ಚಾಲಕ ಬ್ರೇಕು ತುಳಿದ. ಕೆಳಗೆಲ್ಲೋ ಉಕ್ಕು ಉಕ್ಕನ್ನು ಹಿಡಿಯಿತು, ಬಸ್ಸು ಕೂಗಿತು, ವೇಗ ತಗ್ಗಿತು. ಜನ ಮುಂದಕ್ಕೆ ವಾಲಿ ಹಿಂದಕ್ಕೆ ಬಂದರು, ಮಾತು ಮುಂದುವರಿಸಿದರು. ಮಗು ನಿದ್ದೆಯಲ್ಲೇ ಕಾಲು ಚಾಚಿ ಕಿವಿಯಕ್ಕನ ಮೊಣಕಾಲಿಗೆ ಒದೆಯಿತು. ಅದರ ತಾಯಿ, "ಅಯ್ಯೋ, ನೋವಾಯ್ತಾ?" ಎಂದಳು.

"ಇಲ್ಲ, ಗೊತ್ತೇ ಆಗ್ಲಿಲ್ಲ."

ಮುಂದಿನ ತಿರುವಿನಲ್ಲಿ ಮಗು ಮತ್ತೆ ಒದೆಯಿತು. ಕಿವಿಯಕ್ಕ ಮೊಣಕಾಲು ಸರಿಸಲಿಲ್ಲ.